ಒಗ್ಗುವ ಕಸುಬು, ಒಪ್ಪುವ ಊರು



ಉಜ್ಜಿನಿಯ ಮರುಳಸಿದ್ಧೇಶ್ವರ ಜಾತ್ರೆಗೆ ಬಂದವರು ಶಿಖರದ ತೈಲಾಭಿಷೇಕವನ್ನು ನೋಡಿರುತ್ತೀರಿ. ತೇರು ಎಳೆದ ಮರುದಿನ ಗುಡಿಯ ಶಿಖರಕ್ಕೆ ಎಣ್ಣೆ ಎರೆಯುತ್ತಾರೆ. ಎರೆದ ಎಣ್ಣೆ ಕಲ್ಲಿನ ಮೇಲೆ ಇಳಿದು ಬರುವುದನ್ನು ಸಾವಿರಾರು ಮಂದಿ ಕೆಳಗೆ ನಿಂತು ನೋಡುತ್ತಾರೆ. ಜರಿಮಲೆ ಪಾಳೆಯಗಾರರ ಮನೆತನದಿಂದ ಎಣ್ಣೆ ಬರುವುದು ಅಲ್ಲಿಯ ವಾಡಿಕೆ. ಎಣ್ಣೆ ತರುವವರು ಯಾರು, ಮೇಲೆ ಹತ್ತುವವರು ಯಾರು, ಬಾಜಾ ಬಾರಿಸುವವರು ಯಾರು, ಎಲ್ಲವೂ ಹಿರಿಯರ ಕಾಲಕ್ಕೇ ಗೊತ್ತಾದ ಸಂಗತಿ. ಅದರ ಚೆಲುವು ಇರುವುದೂ ಆ ಗೊತ್ತುಪಾಡಿನಲ್ಲೇ.

ಜಾತ್ರೆಯ ಈ ಕಟ್ಟುಪಾಡು ಒಂದು ಕಾಲಕ್ಕೆ ಊರಿನ ದಿನನಿತ್ಯದ ಕಟ್ಟುಪಾಡೂ ಆಗಿತ್ತು. ಕಮ್ಮಾರನ ಮಗ ಕುಲುಮೆಗೆ, ಕುಂಬಾರನ ಮಗ ತಿಗುರಿಗೆ, ರೈತನ ಮಗ ರಂಟೆಗೆ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯ ತಂದರೆ ವರ್ಷದ ಲೆಕ್ಕ ಮುಗಿಯಿತು. ಯಾರಿಗೆ ಯಾವ ಕೆಲಸ ಒಗ್ಗುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳುವುದಕ್ಕೆ ಜಾಗವೂ ಇರಲಿಲ್ಲ. ಹೆಣ್ಣುಮಕ್ಕಳ ಪಾಲಿಗೆ ಈ ಹುಟ್ಟಿನ ಲೆಕ್ಕ ಇನ್ನೂ ಕ್ರೂರವಾಗಿತ್ತು. ಕೂಡ್ಲಿಗಿ, ಹರಪನಹಳ್ಳಿ ಸೀಮೆಯಲ್ಲಿ ಎಷ್ಟೋ ಬಡ ಮನೆಗಳ ಹುಡುಗಿಯರಿಗೆ ಬುದ್ಧಿ ತಿಳಿಯುವ ಮೊದಲೇ ಮುತ್ತು ಕಟ್ಟಿ ದೇವರ ಹೆಸರಿನಲ್ಲಿ ಬಿಟ್ಟರು. 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿ ರಾಜ್ಯ ಕಾಯ್ದೆ ಮಾಡಿತು. ಹಾಗಾಗಿ ಹಳೆಯ ಕುಲಕಸುಬಿನ ಕಾಲವೇ ಚೆನ್ನಾಗಿತ್ತು ಎಂಬ ಮಾತನ್ನು ನಾನು ಒಪ್ಪುವವನಲ್ಲ.

ಆ ಕಟ್ಟು ಸಡಿಲವಾಯಿತು. ಶಾಲೆ ಬಂತು. ನಮ್ಮ ಕೊಟ್ಟೂರಿನ ಕುಂ. ವೀರಭದ್ರಪ್ಪನವರು ‘ಕೊಟ್ರ ಹೈಸ್ಕೂಲಿಗೆ ಸೇರಿದ್ದು’ ಎಂಬ ಕಥೆ ಬರೆದಿದ್ದಾರೆ. ನಾಗತಿಹಳ್ಳಿ ಚಂದ್ರಶೇಖರ ಅವರು ಅದನ್ನು ‘ಕೊಟ್ರೇಶಿ ಕನಸು’ ಎಂಬ ಸಿನಿಮಾ ಮಾಡಿದರು. ಬಡ ಹುಡುಗನೊಬ್ಬ ಹೈಸ್ಕೂಲಿನ ಬಾಗಿಲು ದಾಟಬೇಕೆಂದರೆ ಊರಿಗೆ ಊರೇ ಎದುರಾಗಿ ನಿಲ್ಲುತ್ತಿದ್ದ ಕಾಲ ಅದು. ಇವತ್ತು ನಾವು ಸರಳ ದಾರಿ ಅಂದುಕೊಳ್ಳುವ ಓದು, ಪರೀಕ್ಷೆ, ನೌಕರಿ ಕೂಡ ಅಂದು ಯಾರೂ ತುಳಿಯದ ಹಾದಿಯಾಗಿತ್ತು. ಮೊದಲು ತುಳಿದವರು ಬೈಗುಳ ತಿಂದೇ ತುಳಿದರು. ಇದನ್ನು ಇವತ್ತಿನ ತಂದೆತಾಯಿಗಳು ಮರೆಯಬಾರದು.

ಈಗ ಬೇರೆ ಬಗೆಯ ಇಕ್ಕಟ್ಟು ಬಂದಿದೆ. ಡಿಗ್ರಿ ಮುಗಿಸಿದ ಹುಡುಗ ಧಾರವಾಡದಲ್ಲಿ ರೂಮು ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುತ್ತಾನೆ. ಪಿಎಸ್‌ಐ, ಎಫ್‌ಡಿಎ, ಪಿಡಿಒ, ಮೇಷ್ಟ್ರು, ಕಂಡಕ್ಟರು, ಕರೆದದ್ದಕ್ಕೆಲ್ಲ ಅರ್ಜಿ ಹಾಕುತ್ತಾನೆ. ಸಂವಿಧಾನದ 371 ಜೆ ಕಲಮಿನಿಂದ ಕಲ್ಯಾಣ ಕರ್ನಾಟಕದ ನಮ್ಮ ಮಕ್ಕಳಿಗೆ ನೌಕರಿಯಲ್ಲಿ ಮೀಸಲಾತಿ ಸಿಕ್ಕಿದೆ. ಅದು ನ್ಯಾಯವಾದ ಹಕ್ಕು, ಬಹಳ ಮನೆಗಳನ್ನು ಎತ್ತಿ ನಿಲ್ಲಿಸಿದೆ. ಮಳೆ ಕೈಕೊಟ್ಟಾಗ ಗುಳೆ ಹೋಗುವ ಸೀಮೆಯಲ್ಲಿ ತಿಂಗಳ ಸಂಬಳದ ಬೆಲೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಹುದ್ದೆ ನೂರಿದ್ದರೆ ಅರ್ಜಿ ಸಾವಿರಾರು. ಉಳಿದ ಮಕ್ಕಳು ಎಲ್ಲಿಗೆ ಹೋಗಬೇಕು? ಇನ್ನೂ ಒಂದು ಮಾತು: ಆ ನೂರು ಮಂದಿಗಾದರೂ ಆ ಕುರ್ಚಿ ಒಗ್ಗಿತೇ? ಮದುವೆ ಮಾತುಕತೆಗೆ ಕೂತಾಗ ‘ಹುಡುಗ ಏನ್ ಮಾಡ್ತಾನ?’ ಎಂಬ ಒಂದೇ ಪ್ರಶ್ನೆಗೆ ಉತ್ತರ ಕೊಡಲಿಕ್ಕೆಂದು ಬದುಕಿಡೀ ಒಲ್ಲದ ಕೆಲಸ ಮಾಡಿದವರನ್ನು ನಾವೆಲ್ಲ ಕಂಡಿದ್ದೇವೆ.

ಹಾಗಾದರೆ ಪಟ್ಟಿಯಲ್ಲಿಲ್ಲದ ಕಸುಬೊಂದು ಮನುಷ್ಯನಿಗೆ ಹೇಗೆ ಸಿಗುತ್ತದೆ? ನಮ್ಮ ಸೀಮೆಯಲ್ಲೇ ಇದಕ್ಕೆ ಉತ್ತರವಾಗಿ ಬದುಕಿದವರಿದ್ದಾರೆ. ಅವರಲ್ಲಿ ಮೊದಲು ನೆನೆಯಬೇಕಾದವರು ಮಂಜಮ್ಮ ಜೋಗತಿ.

ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದಾಗ ಮನೆಯವರು ಇಟ್ಟ ಹೆಸರು ಮಂಜುನಾಥ ಶೆಟ್ಟಿ. ಓದಿದ್ದು ಎಸ್‌ಎಸ್‌ಎಲ್‌ಸಿವರೆಗೆ. ಗಂಡಾಗಿ ಹುಟ್ಟಿದ ದೇಹದೊಳಗೆ ತಾನು ಹೆಣ್ಣು ಎಂಬ ಅರಿವು ಹದಿಹರೆಯದಲ್ಲಿ ಗಟ್ಟಿಯಾಯಿತು. ಮನೆಯವರು ಹುಲಿಗಿಯ ಹುಲಿಗೆಮ್ಮನ ಗುಡಿಗೆ ಕರೆದೊಯ್ದು ಮುತ್ತು ಕಟ್ಟಿಸಿದರು. ಮುತ್ತು ಕಟ್ಟಿಸಿಕೊಂಡವರಿಗೆ ಮನೆಯೊಳಗೆ ಮೊದಲಿನ ಜಾಗ ಉಳಿಯುವುದಿಲ್ಲ. ಮುಂದೆ ಮನೆ ಬಿಟ್ಟದ್ದು, ಸೀರೆಯುಟ್ಟು ಭಿಕ್ಷೆ ಬೇಡಿದ್ದು, ಬದುಕೇ ಬೇಡವೆನ್ನಿಸಿದ ದಿನಗಳು, ಎಲ್ಲವನ್ನೂ ಅವರು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಆ ಬದುಕಿನ ಕಥನ ‘ನಡುವೆ ಸುಳಿವ ಹೆಣ್ಣು’ ಎಂಬ ಪುಸ್ತಕವಾಗಿದೆ. ನಿರೂಪಿಸಿದವರು ನಮ್ಮ ನೆರೆಯವರೇ ಆದ ಅರುಣ್ ಜೋಳದಕೂಡ್ಲಿಗಿ. ಓದಲು ಬರುವ ಮಕ್ಕಳಿರುವ ಪ್ರತಿ ಮನೆಯಲ್ಲೂ ಆ ಪುಸ್ತಕ ಇರಬೇಕು ಎಂಬುದು ನನ್ನ ಆಸೆ.

ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಅವರ ಕಣ್ಣಿಗೆ ತಂದೆ ಮಗನ ಜೋಡಿಯೊಂದು ಬಿತ್ತು. ತಂದೆ ಹಾಡುತ್ತಿದ್ದ, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಅದೇ ಜೋಗತಿ ಕುಣಿತ. ಹೊಟ್ಟೆ ಹಸಿದ ಮನುಷ್ಯ ಬಸ್ ನಿಲ್ದಾಣದಲ್ಲಿ ಏನೇನೋ ನೋಡುತ್ತಾನೆ, ಮರೆಯುತ್ತಾನೆ. ಇವರು ಮರೆಯಲಿಲ್ಲ. ನನಗೂ ಇದನ್ನು ಕಲಿಸಿ ಎಂದು ಬೆನ್ನು ಹತ್ತಿದರು. ಮಟ್ಟಿಕಲ್ ಬಸಪ್ಪನವರಿಂದ ಕುಣಿತ ಕಲಿತರು. ಆಮೇಲೆ ಹಗರಿಬೊಮ್ಮನಹಳ್ಳಿಯ ಹೆಸರಾಂತ ಕಲಾವಿದೆ ಕಾಳವ್ವ ಜೋಗತಿಯ ಮೇಳ ಸೇರಿದರು. ಅಲ್ಲಿ ಕುಣಿತದ ಜೊತೆಗೆ ಯಲ್ಲಮ್ಮನ ಆಟದ ಪಾತ್ರಗಳೂ ಕೈಗೆ ಬಂದವು. ಕಾಳವ್ವ ತೀರಿಕೊಂಡ ಮೇಲೆ ಮೇಳದ ಹೊಣೆ ಮಂಜಮ್ಮನ ಹೆಗಲಿಗೆ ಬಂತು. ನೆಲೆ ನಿಂತದ್ದು ಮರಿಯಮ್ಮನಹಳ್ಳಿಯಲ್ಲಿ.

ಕೊಡ ಹೊರುವುದು ಎಂದರೆ ಏನೆಂದು ಹತ್ತಿರದಿಂದ ನೋಡದವರಿಗೆ ಹೇಳಬೇಕು. ಅದು ಹಿತ್ತಾಳೆಯ ಕೊಡ. ಬಾಯಿಗೆ ಯಲ್ಲಮ್ಮನ ಮುಖ ಕೂರಿಸಿ, ಸೀರೆ ಉಡಿಸಿ, ಹೂವು, ನವಿಲುಗರಿ ಸಿಕ್ಕಿಸಿ ಸಿಂಗರಿಸಿರುತ್ತಾರೆ. ತಲೆಯ ಮೇಲೊಂದು ಸಿಂಬೆ, ಅದರ ಮೇಲೆ ಈ ಕೊಡ. ಕೈ ಹಿಡಿಯುವಂತಿಲ್ಲ. ಪಕ್ಕದಲ್ಲಿ ಚೌಡಿಕೆ ನುಡಿಯುತ್ತಿರುತ್ತದೆ. ಒಂದೇ ತಂತಿಯ ವಾದ್ಯ ಅದು. ತಂತಿಯನ್ನು ಬಿಗಿ ಮಾಡಿ, ಸಡಿಲ ಮಾಡಿ ಮೀಟಿದರೆ ಮಾತನಾಡುವಂತೆ ಏರಿಳಿದು ನುಡಿಯುತ್ತದೆ. ಜೊತೆಗೆ ತಾಳ, ಶ್ರುತಿ. ಕಾಲು ಎಷ್ಟೇ ಬಿರುಸಾಗಿ ಕುಣಿದರೂ ಕುತ್ತಿಗೆ ನೆಟ್ಟಗಿರಬೇಕು. ಸುತ್ತಬೇಕು, ಬಗ್ಗಬೇಕು, ಕೂತು ಏಳಬೇಕು, ಕೊಡ ಮಾತ್ರ ಅಲುಗಬಾರದು. ಇದು ವರ್ಷಗಟ್ಟಲೆ ಕುತ್ತಿಗೆ, ಬೆನ್ನು, ಮಂಡಿ ನೋಯಿಸಿಕೊಂಡು ದುಡಿದು ಪಡೆಯುವ ವಿದ್ಯೆ. ದೇವರು ಮೈಮೇಲೆ ಬಂದಾಗ ತಾನಾಗಿ ಬಂದುಬಿಡುತ್ತದೆ ಎಂದು ಹೇಳಿ ಆ ದುಡಿಮೆಯನ್ನು ನಾವು ಕಾಣದಂತೆ ಮಾಡಬಾರದು.

2010ರಲ್ಲಿ ಮಂಜಮ್ಮನವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದವರೊಬ್ಬರು ಆ ಪೀಠದಲ್ಲಿ ಕೂತದ್ದು ಅದೇ ಮೊದಲು. 2021ರಲ್ಲಿ ಪದ್ಮಶ್ರೀ. ಆ ವರ್ಷದ ನವೆಂಬರ್ 9ರಂದು ದೆಹಲಿಯ ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ಪಡೆಯುವ ಮುನ್ನ ಅವರು ಸೆರಗು ಹಿಡಿದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರಿಗೆ ನಿವಾಳಿಸಿ ದೃಷ್ಟಿ ತೆಗೆದರು. ದೇಶವೆಲ್ಲ ಅದನ್ನು ನೋಡಿತು. ಊರ ಬಾಗಿಲಲ್ಲಿ ನಿಂತು ಹರಸುವ ಜೋಗತಿಯ ಕಸುಬಿನ ಹರಕೆಯನ್ನೇ ಅವರು ಅಲ್ಲಿಯೂ ಕೊಟ್ಟರು. ನನಗೆ ಆ ಪ್ರಶಸ್ತಿಗಿಂತ ಆ ಸೆರಗು ದೊಡ್ಡದೆನಿಸಿತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಮಂಜಮ್ಮನ ಗೆಲುವನ್ನು ತೋರಿಸಿ ಮುತ್ತು ಕಟ್ಟುವುದನ್ನು ಯಾರೂ ಸಮರ್ಥಿಸಬಾರದು. ಅವರಿಗೆ ಒಗ್ಗಿದ್ದು ಕುಣಿತ, ಹಾಡು, ಪಾತ್ರ. ಅದನ್ನು ಹಿಡಿದದ್ದು ಅವರೇ. ಮುತ್ತು ಕಟ್ಟಿದ್ದು ಬೇರೆಯವರು. ಮಂಜಮ್ಮ ಮನೆ ಬಿಟ್ಟ ಕಾಲಕ್ಕೆ ಅವರಂಥವರಿಗೆ ಕಾನೂನಿನಲ್ಲಿ ಹೆಸರೇ ಇರಲಿಲ್ಲ. ತೃತೀಯ ಲಿಂಗಿಗಳನ್ನು ಸುಪ್ರೀಂ ಕೋರ್ಟು ಗುರುತಿಸಿದ್ದು 2014ರಲ್ಲಿ. ಸರ್ಕಾರಿ ನೇಮಕಾತಿಯಲ್ಲಿ ಶೇ. 1 ಮೀಸಲಾತಿಯನ್ನು ಕರ್ನಾಟಕ ಕೊಟ್ಟದ್ದು 2021ರಲ್ಲಿ. ಇವತ್ತು ಅಂಥ ಮಗುವಿಗೆ ಕುಣಿತವೂ ಒಂದು ದಾರಿ, ಪೊಲೀಸ್ ಕೆಲಸವೂ ಒಂದು ದಾರಿ, ಕಾಲೇಜೂ ಒಂದು ದಾರಿ ಆಗಬೇಕು. ಮನೆಯಿಂದ ಹೊರಗೆ ಹಾಕಿಸಿಕೊಂಡ ಮೇಲೆ ಸಿಗುವ ದಾರಿಯನ್ನು ಆಯ್ಕೆ ಎನ್ನಲಾಗದು.

ಆದರೂ ಅವರ ಬದುಕಿನಿಂದ ನಮ್ಮ ಹುಡುಗರು ಹುಡುಗಿಯರು ತಿಳಿಯಬೇಕಾದ ಒಂದು ಸಂಗತಿಯಿದೆ. ನನಗೆ ಏನು ಇಷ್ಟ, ನನಗೆ ಏನು ಇಷ್ಟ ಎಂದು ಮೂಲೆಯಲ್ಲಿ ಕೂತು ಎಷ್ಟು ಯೋಚಿಸಿದರೂ ಕಸುಬು ಸಿಗುವುದಿಲ್ಲ. ಅದನ್ನು ಆಗಲೇ ಮಾಡುತ್ತಿರುವವರು ಎಲ್ಲೋ ಇರುತ್ತಾರೆ. ಅವರ ಹತ್ತಿರ ಹೋಗಿ ನಿಲ್ಲಬೇಕು. ಅವರ ಸಾಮಾನು ಹೊರಬೇಕು. ಮಂಜಮ್ಮನಿಗೆ ಬಸಪ್ಪ ಸಿಕ್ಕರು, ಕಾಳವ್ವ ಸಿಕ್ಕಳು. ಆ ಇಬ್ಬರು ಸಿಗದಿದ್ದರೆ ಬಸ್ ನಿಲ್ದಾಣದಲ್ಲಿ ಕಂಡದ್ದು ಬರೀ ಕಂಡದ್ದಾಗಿಯೇ ಉಳಿಯುತ್ತಿತ್ತು.

ಎಲ್ಲರೂ ಇದ್ದದ್ದೆಲ್ಲ ಬಿಟ್ಟು ಹೋಗಬೇಕೆಂದೇನೂ ಇಲ್ಲ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರನ್ನು ನೋಡಿ. ಕನ್ನಡಿಗರಿಗೆಲ್ಲ ಅವರು ಬೀಚಿ. ಹೊಟ್ಟೆಪಾಡಿಗೆ ದುಡಿದದ್ದು ಪೊಲೀಸ್ ಇಲಾಖೆಯಲ್ಲಿ. ಕನ್ನಡ ಪುಸ್ತಕವೆಂದರೆ ಅಷ್ಟಕ್ಕಷ್ಟೇ ಎನ್ನುತ್ತಿದ್ದ ಮನುಷ್ಯ ಅನಕೃ ಅವರ ‘ಸಂಧ್ಯಾರಾಗ’ ಕಾದಂಬರಿ ಓದಿ ಕನ್ನಡಕ್ಕೆ ತಿರುಗಿದರು, ಅನಕೃ ಅವರನ್ನು ಗುರುವೆಂದು ಭಾವಿಸಿದರು. ಅಲ್ಲಿಂದ ಹರಿದದ್ದು ತಿಂಮನ ನಗೆ. ತಮ್ಮ ಆತ್ಮಕಥೆಗೂ ‘ನನ್ನ ಭಯಾಗ್ರಫಿ’ ಎಂದೇ ಹೆಸರಿಟ್ಟರು. ಇಲಾಖೆಯ ಸಂಬಳ ಮನೆ ನಡೆಸಿತು, ಬರಹ ಮನುಷ್ಯನನ್ನು ನಡೆಸಿತು. ಮೊದಲು ಹೇಳಿದ ಕುಂ. ವೀ. ಕೂಡ ಹಾಗೆಯೇ. ಆಂಧ್ರದ ಹಳ್ಳಿಗಳಲ್ಲಿ ವರ್ಷಾನುಗಟ್ಟಲೆ ಮೇಷ್ಟ್ರಾಗಿದ್ದರು. ನೌಕರಿ ಅವರನ್ನು ಎಲ್ಲಿಗೆ ಎಸೆಯಿತೋ ಅಲ್ಲಿಯ ಜನ, ಅಲ್ಲಿಯ ಬರ, ಅಲ್ಲಿಯ ಭಾಷೆ ಅವರ ಕಥೆಯೊಳಗೆ ಬಂದವು. 2007ರಲ್ಲಿ ‘ಅರಮನೆ’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಂಬಳದ ಕೆಲಸವನ್ನು ಶತ್ರುವೆಂದು ತಿಳಿಯದೆ, ಅದರ ಅನ್ನ ಉಂಡು, ಅದು ತೋರಿಸಿದ ಲೋಕವನ್ನೂ ಬರಹಕ್ಕೆ ತಂದ ಇಂಥವರ ಹಾದಿ ಬಹಳ ಮಂದಿಗೆ ಹೊಂದುತ್ತದೆ. ಮನೆಯಲ್ಲಿ ಸಾಲವಿದೆ, ತಂಗಿಯ ಮದುವೆ ಇದೆ ಎನ್ನುವ ಹುಡುಗನಿಗೆ ನಾನು ಹೇಳುವುದೂ ಇದನ್ನೇ. ನೌಕರಿ ಹಿಡಿ, ಆದರೆ ಸಂಜೆಯನ್ನು ಯಾರಿಗೂ ಮಾರಬೇಡ.

ಇನ್ನು ಹಾದಿಯೂ ಹಳೆಯದು, ಕಸುಬೂ ಗಟ್ಟಿ, ಆದರೆ ಮರ್ಯಾದೆ ಮಾತ್ರ ಸಿಗದ ಒಂದು ಕೆಲಸದ ಬಗ್ಗೆ ಹೇಳಬೇಕು. ಮರಿಯಮ್ಮನಹಳ್ಳಿ ರಂಗಕಲಾವಿದೆಯರ ಊರು. ಕೆ. ನಾಗರತ್ನಮ್ಮನವರಂಥ ದೊಡ್ಡ ನಟಿ ಅಲ್ಲಿಯವರು. ನಮ್ಮ ವಿಜಯನಗರ ಜಿಲ್ಲೆಯ ಆರೂ ತಾಲ್ಲೂಕುಗಳಲ್ಲಿ ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ಹಳ್ಳಿಹಳ್ಳಿಯಲ್ಲಿ ನಾಟಕ. ಊರ ಹುಡುಗರು ಗಂಡು ಪಾತ್ರ ಹಂಚಿಕೊಳ್ಳುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಊರಲ್ಲೇ ಉಳಿದು ರಾತ್ರಿ ಹೊತ್ತು ತಾಲೀಮು ಮಾಡಿಸುತ್ತಾರೆ. ನಾಯಕಿ, ಅತ್ತೆ, ಹಾಸ್ಯದ ಹೆಣ್ಣು, ಈ ಪಾತ್ರಗಳಿಗೆ ಮರಿಯಮ್ಮನಹಳ್ಳಿಯಂಥ ಊರುಗಳಿಂದ ಕಲಾವಿದೆಯರು ಬರಬೇಕು.

ಅವರ ಕೆಲಸದ ಬಿಗಿಯನ್ನು ಯೋಚಿಸಿ. ನಾಟಕದ ದಿನ ಸಂಜೆಯ ಬಸ್ಸಿಗೆ ಬ್ಯಾಗಿನಲ್ಲಿ ಸೀರೆ, ಬಣ್ಣ, ಚೌರಿ ತುಂಬಿಕೊಂಡು ಬಂದಿಳಿಯುತ್ತಾರೆ. ಎದುರು ಪಾತ್ರ ಮಾಡುವ ಹುಡುಗನನ್ನು ಅಲ್ಲಿಯವರೆಗೆ ನೋಡಿಯೇ ಇರುವುದಿಲ್ಲ. ಮೇಷ್ಟ್ರು ಪೇಟಿಯ ಮುಂದೆ ಕೂರಿಸಿ ಯಾವ ಮಾತಿಗೆ ಯಾವ ಹಾಡು ಎತ್ತಬೇಕು, ಎಲ್ಲಿ ಕತ್ತರಿಸಿದ್ದೇವೆ ಎಂದು ಅವಸರದಲ್ಲಿ ಹೇಳುತ್ತಾರೆ. ರಾತ್ರಿ ಪರದೆ ಎದ್ದರೆ ಬೆಳಗಿನ ಜಾವದವರೆಗೆ ಆಟ. ಹೆದರಿ ಮಾತು ಮರೆತ ಹುಡುಗನಿಗೆ ತನ್ನ ಮಾತಿನಲ್ಲೇ ಅವನ ಮಾತನ್ನೂ ಸೇರಿಸಿ ಎತ್ತಿಕೊಟ್ಟು, ಜನಕ್ಕೆ ಗೊತ್ತಾಗದಂತೆ ದೃಶ್ಯ ಉಳಿಸುವವಳು ಆಕೆ. ಹತ್ತಾರು ನಾಟಕಗಳ ಮಾತು ಬಾಯಲ್ಲಿರಬೇಕು, ಮೈಕಿಲ್ಲದಿದ್ದರೂ ದನಿ ಹಿಂದಿನವರಿಗೆ ಮುಟ್ಟಬೇಕು. ಬೆಳಿಗ್ಗೆ ಬಣ್ಣ ಒರೆಸಿ ಮೊದಲ ಬಸ್ಸು ಹಿಡಿದರೆ ಮರುರಾತ್ರಿ ಇನ್ನೊಂದು ಊರು, ಇನ್ನೊಂದು ಹೆಸರು. ಇಷ್ಟು ಬಲ್ಲವಳನ್ನು ನಮ್ಮ ಊರುಗಳು ಏನೆಂದು ಕರೆದಿವೆ, ಅವಳಿಗೆ ಬಾಡಿಗೆ ಮನೆ ಕೊಡಲು ಹೇಗೆ ಹಿಂದೆಮುಂದೆ ನೋಡಿವೆ ಎಂಬುದು ನಿಮಗೂ ಗೊತ್ತು. ಅವಳ ಕಸುಬಿನಲ್ಲಿ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ನಮ್ಮ ಒಪ್ಪಿಗೆಯಲ್ಲಿ.

ಇದನ್ನು ಇಷ್ಟು ಹೇಳಲು ಕಾರಣವಿದೆ. ಬೇರೆ ಹಾದಿ ಹಿಡಿಯಿರಿ ಎಂದು ಮಕ್ಕಳಿಗೆ ಮಾತ್ರ ಉಪದೇಶ ಮಾಡುವುದು ಸುಲಭ. ಧೈರ್ಯ ಮಾಡು, ಮನಸ್ಸಿನ ಮಾತು ಕೇಳು ಎನ್ನುತ್ತೇವೆ. ಒಬ್ಬ ಹುಡುಗಿ ಧೈರ್ಯ ಮಾಡಿ ಹೊರಟಳು ಎನ್ನಿ. ಮೊದಲ ಮೂರು ನಾಲ್ಕು ವರ್ಷ ಅವಳ ಊಟ ಎಲ್ಲಿಂದ? ಕಲಿಸುವವರು ಯಾರು? ಕಲಿತದ್ದಕ್ಕೆ ಕಾಸು ಕೊಡುವವರು ಯಾರು? ಈ ಮೂರಕ್ಕೆ ಉತ್ತರವಿಲ್ಲದೆ ಬರೀ ಧೈರ್ಯವನ್ನು ಹೊಗಳುವುದು ಬಾವಿಗೆ ಹಗ್ಗ ಬಿಡದೆ ಬರೀ ಕೊಡ ಎಸೆದಂತೆ. ಹರಪನಹಳ್ಳಿಯ ಭೀಮವ್ವ 19ನೇ ಶತಮಾನದಲ್ಲಿ ಬದುಕಿದ ಹರಿದಾಸರು. ‘ಭೀಮೇಶಕೃಷ್ಣ’ ಅಂಕಿತದಲ್ಲಿ ಅವರು ಕಟ್ಟಿದ ಹಾಡುಗಳನ್ನು ಇವತ್ತಿಗೂ ಹೆಂಗಸರು ಹಬ್ಬಹರಿದಿನಗಳಲ್ಲಿ ಹಾಡುತ್ತಾರೆ. ಅಡುಗೆ, ಮಡಿ, ಸಂಸಾರದ ನಡುವೆ ಹುಟ್ಟಿದ ಆ ಹಾಡುಗಳು ಯಾರ ಲೆಕ್ಕದಲ್ಲೂ ಕೆಲಸ ಎನ್ನಿಸಿಕೊಳ್ಳಲಿಲ್ಲ. ಇನ್ನೆಷ್ಟು ಭೀಮವ್ವರು ಹಾಡದೆಯೇ ಹೋದರೋ.

ಯುವಕ ಯುವತಿಯರಿಗೆ ನನ್ನದು ಕೆಲವೇ ಮಾತು. ಯಾವುದೇ ಕಸುಬಿನಲ್ಲಿ ಚಪ್ಪಾಳೆಯ ಗಳಿಗೆ ಸ್ವಲ್ಪ, ಬೇಸರದ ಹೊತ್ತು ಬಹಳ. ಆ ಬೇಸರದ ಭಾಗವನ್ನೂ ಗೊಣಗದೆ ಮಾಡಬಲ್ಲಿರಾ ಎಂದು ನಿಮ್ಮನ್ನು ಕೇಳಿಕೊಳ್ಳಿ. ಶಿಲ್ಪ ಕಲಿಯಬೇಕೆನ್ನುವವನಿಗೆ ಕಲ್ಲಿನ ದೂಳು ಒಗ್ಗಬೇಕು. ಹಡಗಲಿಯ ಮಲ್ಲಿಗೆ ಬೆಳೆದು ಬದುಕುತ್ತೇನೆ ಎನ್ನುವವಳಿಗೆ ನಸುಕಿನಲ್ಲಿ ಮೊಗ್ಗು ಬಿಡಿಸುವುದು, ದರ ಬಿದ್ದ ದಿನ ಸಹಿಸುವುದು ಒಗ್ಗಬೇಕು. ಒಂದು ಸುಗ್ಗಿ, ಒಂದು ಬೇಸಿಗೆ, ಆ ಕೆಲಸ ಮಾಡುವವರ ಜೊತೆ ಇದ್ದು ನೋಡಿ. ಆಗದಿದ್ದರೆ ತಿರುಗಿ ಬನ್ನಿ, ಅದರಲ್ಲಿ ಅವಮಾನವಿಲ್ಲ. ಆದರೆ ಪರೀಕ್ಷೆಯ ಮೇಲೆ ಪರೀಕ್ಷೆ ಬರೆಯುತ್ತ, ಮನಸ್ಸಿನಲ್ಲಿ ಇನ್ನೇನನ್ನೋ ಇಟ್ಟುಕೊಂಡು ಅದರ ಬಾಗಿಲನ್ನು ಒಂದು ಸಲವೂ ತಟ್ಟದೆ ವಯೋಮಿತಿ ಮುಗಿಸಿಕೊಳ್ಳಬೇಡಿ.

ಹಿರಿಯರಿಗೆ, ಊರಿನ ದೈವಸ್ಥರಿಗೆ, ಪಂಚಾಯ್ತಿಯವರಿಗೆ ಹೇಳುವುದು ಇನ್ನಷ್ಟಿದೆ. ಮಗ ಚೌಡಿಕೆ ಹಿಡಿದರೆ, ಮಗಳು ಬಣ್ಣ ಹಚ್ಚಿದರೆ ಮನೆತನದ ಮಾನ ಹೋಯಿತೆಂದು ಬಾಗಿಲು ಹಾಕಬೇಡಿ. ನಡೆನುಡಿ ಬೇರೆಯಾಗಿರುವ ಮಗುವನ್ನು ಮನೆಯಿಂದ ಹೊರಗೆ ಕಳಿಸಬೇಡಿ, ಅದು ಮೊದಲು ಶಾಲೆ ಮುಗಿಸಲಿ. ನಿಮ್ಮೂರಲ್ಲಿ ವಯಸ್ಸಾದ ಕಲಾವಿದರಿದ್ದರೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನಕ್ಕೆ ಅರ್ಜಿ ಬರೆದುಕೊಡಿ. ಅವರಲ್ಲಿ ಬಹಳ ಮಂದಿಗೆ ಕಾಗದಪತ್ರ ಹೊಂದಿಸಲು ಬರುವುದಿಲ್ಲ, ಓದಿದ ಹುಡುಗರು ಒಂದು ಮಧ್ಯಾಹ್ನ ಕೊಟ್ಟರೆ ಆಗುವ ಕೆಲಸ ಅದು. ಅವರ ಪಕ್ಕದಲ್ಲಿ ನಾಲ್ಕು ಮಕ್ಕಳನ್ನು ಕೂರಿಸಿ ಹಾಡು ಕಲಿಸಲು ಗುಡಿಯ ಕಟ್ಟೆಯೋ ಶಾಲೆಯ ಪಡಸಾಲೆಯೋ ಸಾಕು.

ಈ ವರ್ಷ ನಿಮ್ಮೂರ ಜಾತ್ರೆಗೆ ನಾಟಕ ಹಾಕುತ್ತೀರಿ, ಜೋಗತಿ ಮೇಳ ಕರೆಸುತ್ತೀರಿ. ಬಂದ ಕಲಾವಿದೆಯರಿಗೆ ಬಣ್ಣ ಹಚ್ಚಿಕೊಳ್ಳಲು ಬಾಗಿಲಿರುವ ಒಂದು ಕೋಣೆ ಕೊಡಿ. ಒಪ್ಪಿದ ಸಂಭಾವನೆಯನ್ನು ಚೌಕಾಸಿ ಮಾಡದೆ, ನಾಳೆ ಎನ್ನದೆ, ಆಟ ಮುಗಿದ ಕೂಡಲೇ ಕೈಗೆ ಕೊಡಿ. ಬೆಳಗಿನ ಬಸ್ಸು ಹತ್ತುವವರೆಗೆ ಊರಿನ ಹಿರಿಯರೊಬ್ಬರು ಜೊತೆಗಿದ್ದು ಕಳಿಸಿಕೊಡಿ.